ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳು ಮತ್ತು ವೃತ್ತಿಜೀವನದ ಸಿದ್ಧತೆ

(ನಮ್ಮ ಕನ್ನಡ ಕೂಟದ ಆಶ್ರಯದಲ್ಲಿ ನಡೆದ ಅತಿಥಿ ಉಪನ್ಯಾಸದ ಬರಹರೂಪ)



ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಮಕ್ಕಳ ಕಾಲೇಜು ಪ್ರವೇಶಕ್ಕೆ ದೊರೆಯುವಷ್ಟು ಗಮನವು ಪ್ರವೇಶದ ಅನಂತರದ ನಾಲ್ಕು ವರ್ಷಗಳಿಗೆ ದೊರೆಯುವುದಿಲ್ಲ. ಹೈಸ್ಕೂಲಿನ ಕೊನೆಯ ಎರಡು ವರ್ಷ ಮನೆಮಂದಿಯೆಲ್ಲ ಪರೀಕ್ಷೆಯ ಅಂಕ, ಅರ್ಜಿಯ ಪ್ರಬಂಧ, ಶುಲ್ಕದ ಲೆಕ್ಕಾಚಾರಗಳಲ್ಲಿ ಮುಳುಗಿರುತ್ತಾರೆ. ಆಗಸ್ಟ್ ತಿಂಗಳಲ್ಲಿ ಮಗನನ್ನೋ ಮಗಳನ್ನೋ ವಸತಿಗೃಹದಲ್ಲಿ ಬಿಟ್ಟು, ಒಂದು ಡಬ್ಬ ಚಟ್ನಿಪುಡಿಯನ್ನೂ ಕೈಗಿತ್ತು ಹಿಂದಿರುಗಿದ ಮೇಲೆ, ಮುಖ್ಯವಾದ ಕೆಲಸ ಮುಗಿಯಿತೆಂಬ ನೆಮ್ಮದಿ ಮೂಡುತ್ತದೆ. ಅಂಕಗಳು ಚೆನ್ನಾಗಿದ್ದರೆ ಉದ್ಯೋಗ ತಾನಾಗಿಯೇ ಒದಗುವುದೆಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ, ಈ ನಾಲ್ಕು ವರ್ಷಗಳಲ್ಲಿ ವಿದ್ಯಾರ್ಥಿಗಳು ಮಾಡಬೇಕಾದ ಸಿದ್ಧತೆ ಯಾವುದು, ತಂದೆತಾಯಿಗಳ ಪಾತ್ರವೇನು ಎಂಬುದನ್ನು ಇಂದು ತಮ್ಮೊಡನೆ ವಿಚಾರಮಾಡಬಯಸುತ್ತೇನೆ.

ಎರಡು ವ್ಯವಸ್ಥೆಗಳು

ನಮ್ಮ ನಂಬಿಕೆಗೆ ಕಾರಣವಿಲ್ಲದಿಲ್ಲ. ನಾವು ಕರ್ನಾಟಕದಲ್ಲಿ ಓದಿದಾಗ ಬದುಕಿನ ದಾರಿ ಪಿ.ಯು.ಸಿ. ಮುಗಿಯುವ ವೇಳೆಗೆ, ಅಂದರೆ ಹದಿನೇಳು ಹದಿನೆಂಟರ ವಯಸ್ಸಿನಲ್ಲಿ, ನಿರ್ಧಾರವಾಗುತ್ತಿತ್ತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭವಾದ ಮೇಲೆಯೂ ಈ ಸ್ಥಿತಿ ಬದಲಾಗಲಿಲ್ಲ. ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಸೀಟು ಸಿಕ್ಕಿತೆಂದರೆ ಮುಂದಿನ ಪಠ್ಯಕ್ರಮವೆಲ್ಲ ಸಿದ್ಧವಾಗಿಯೇ ಇರುತ್ತಿತ್ತು. ವಿದ್ಯಾರ್ಥಿಯು ಆಯ್ಕೆಮಾಡಬೇಕಾದುದು ಕಡಿಮೆ, ಓದಬೇಕಾದುದು ಹೆಚ್ಚು. ಸೀಟು ಕೈತಪ್ಪಿದವರಿಗೆ ಎರಡನೆಯ ಅವಕಾಶ ಅಪರೂಪ. ಇಂಥ ವ್ಯವಸ್ಥೆಯಲ್ಲಿ ತಂದೆತಾಯಿಗಳು ಪ್ರವೇಶದ ಘಟ್ಟದಲ್ಲಿಯೇ ಸರ್ವಶಕ್ತಿಯನ್ನೂ ವಿನಿಯೋಗಿಸಿದ್ದು ವಿವೇಕದ ನಡೆಯೇ ಆಗಿತ್ತು.

ಇದರ ಜೊತೆಗೆ ಇನ್ನೊಂದು ಚಾರಿತ್ರಿಕ ಕಾರಣವೂ ಉಂಟು. 1965ರ ವಲಸೆ ಕಾನೂನು ಈ ದೇಶದ ಬಾಗಿಲನ್ನು ಏಷ್ಯಾದವರಿಗೆ ತೆರೆದಾಗ, ವೃತ್ತಿಪರಿಣತರಿಗೆ ಪ್ರಾಶಸ್ತ್ಯ ದೊರೆಯಿತು. ಆದುದರಿಂದ ಇಲ್ಲಿಗೆ ಬಂದ ಕನ್ನಡಿಗರಲ್ಲಿ ವೈದ್ಯರು, ಎಂಜಿನಿಯರರು, ವಿಜ್ಞಾನಿಗಳು ಹೆಚ್ಚಿನ ಸಂಖ್ಯೆಯಲ್ಲಿದ್ದರು. ಅನಂತರ ಬಂದ ತಲೆಮಾರಿನಲ್ಲಿ ಕಂಪ್ಯೂಟರ್ ತಜ್ಞರು ಅಧಿಕ. ನಮ್ಮ ಮಕ್ಕಳು ಹುಟ್ಟಿದಂದಿನಿಂದ ಕಾಣುವ ಹಿರಿಯರೆಲ್ಲ ಈ ಎರಡು ಮೂರು ವೃತ್ತಿಗಳಿಗೇ ಸೇರಿದವರು. ಪ್ರಪಂಚದಲ್ಲಿ ಗೌರವದಿಂದ ಬದುಕುವ ಮಾರ್ಗಗಳು ಇಷ್ಟೇ ಎಂಬ ಭಾವನೆ ಮಕ್ಕಳಲ್ಲಿ ಮೂಡಿದರೆ ಅದು ಅವರ ತಪ್ಪಲ್ಲ.

ಇಲ್ಲಿಯ ವಿಶ್ವವಿದ್ಯಾನಿಲಯದ ಕ್ರಮ ಬೇರೆ. ಸ್ನಾತಕ ಪದವಿಗೆ ಸಾಮಾನ್ಯವಾಗಿ 120 ಸೆಮಿಸ್ಟರ್ ಕ್ರೆಡಿಟ್‌ಗಳು ಬೇಕು. ಅವುಗಳಲ್ಲಿ ಗಣನೀಯ ಭಾಗವು ಸಾಮಾನ್ಯ ಶಿಕ್ಷಣಕ್ಕೆ ಮೀಸಲು. ಉಳಿದುದರಲ್ಲಿ ಒಂದು ಮೇಜರ್, ಇಷ್ಟವಿದ್ದರೆ ಒಂದು ಮೈನರ್. ಅನೇಕ ಕಾಲೇಜುಗಳಲ್ಲಿ ಮೇಜರನ್ನು ಎರಡನೆಯ ವರ್ಷದ ಕೊನೆಯೊಳಗೆ ಘೋಷಿಸಿದರೆ ಸಾಕು. ಘೋಷಿಸಿದ ಮೇಲೂ ಬದಲಾಯಿಸಬಹುದು. 2011-12ರಲ್ಲಿ ಕಾಲೇಜು ಸೇರಿದ ವಿದ್ಯಾರ್ಥಿಗಳನ್ನು ಕುರಿತು ಇಲ್ಲಿಯ ಶಿಕ್ಷಣ ಇಲಾಖೆಯು 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸ್ನಾತಕ ಪದವಿಗೆ ಸೇರಿದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಂದಿ ಮೂರು ವರ್ಷದೊಳಗೆ ಒಮ್ಮೆಯಾದರೂ ಮೇಜರ್ ಬದಲಾಯಿಸಿದ್ದರು. ಗಣಿತದಿಂದ ಆರಂಭಿಸಿದವರಲ್ಲಂತೂ ಶೇಕಡಾ 52 ಮಂದಿ ಬೇರೆಡೆಗೆ ಹೋಗಿದ್ದರು. ಮಗನು ರಸಾಯನಶಾಸ್ತ್ರವನ್ನು ಬಿಟ್ಟು ಅರ್ಥಶಾಸ್ತ್ರಕ್ಕೆ ಹೋಗುತ್ತೇನೆಂದಾಗ ಮನೆಯಲ್ಲಿ ಸಿಡಿಲೆರಗಿದಂತೆ ವರ್ತಿಸುವ ತಂದೆತಾಯಿಗಳು ಈ ಅಂಕಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆದರೆ ಈ ಸ್ವಾತಂತ್ರ್ಯಕ್ಕೆ ಬೆಲೆಯುಂಟು. ಆಯ್ಕೆಯ ಭಾರವು ಇಲ್ಲಿ ಪೂರ್ತಿಯಾಗಿ ವಿದ್ಯಾರ್ಥಿಯ ಹೆಗಲ ಮೇಲಿರುತ್ತದೆ. ಯಾವ ಕೋರ್ಸು, ಯಾವ ಬೇಸಿಗೆಯಲ್ಲಿ ಯಾವ ಕೆಲಸ, ಯಾವ ಅಧ್ಯಾಪಕರ ಪರಿಚಯ ಎಂಬುದನ್ನು ಯಾರೂ ಮುಂಚಿತವಾಗಿ ಬರೆದು ಕೊಡುವುದಿಲ್ಲ. ಸುಮ್ಮನಿದ್ದರೆ ನಾಲ್ಕು ವರ್ಷಗಳು ಸುಮ್ಮನೆಯೇ ಉರುಳುತ್ತವೆ.

ವಲಸೆಗಾರರ ಮಕ್ಕಳಿಗಾಗಿ ಹುಟ್ಟಿದ ಶಾಸ್ತ್ರ

ವೃತ್ತಿ ಮಾರ್ಗದರ್ಶನವೆಂಬುದು ಈ ದೇಶದಲ್ಲಿ ಹೇಗೆ ಹುಟ್ಟಿತೆಂಬುದನ್ನು ತಿಳಿದರೆ ನಮಗೆ ಆತ್ಮೀಯವೆನಿಸುತ್ತದೆ. ಬಾಸ್ಟನ್ ನಗರದ ನಾರ್ತ್ ಎಂಡ್ ಎಂಬ ಬಡಾವಣೆಯಲ್ಲಿ ವಲಸೆ ಬಂದ ಕುಟುಂಬಗಳಿಗಾಗಿ ಒಂದು ಸೇವಾಗೃಹವಿತ್ತು. ಫ್ರಾಂಕ್ ಪಾರ್ಸನ್ಸ್ ಎಂಬ ಮಹನೀಯರು 1908ರ ಜನವರಿಯಲ್ಲಿ ಅಲ್ಲಿ ವೃತ್ತಿ ಸಲಹಾ ಕೇಂದ್ರವೊಂದನ್ನು ತೆರೆದರು. ಅದೇ ವರ್ಷ ಅವರು ತೀರಿಕೊಂಡರು. ಅವರ ಪುಸ್ತಕವು 1909ರಲ್ಲಿ ಪ್ರಕಟವಾಯಿತು. ಅಲ್ಲಿಗೆ ಬರುತ್ತಿದ್ದ ತರುಣರ ತಂದೆತಾಯಿಗಳಿಗೆ ಹೊಸ ದೇಶದ ಉದ್ಯೋಗಗಳ ಪರಿಚಯವಿರಲಿಲ್ಲ. ಆ ಕೊರತೆಯನ್ನು ತುಂಬುವುದೇ ಪಾರ್ಸನ್ಸರ ಉದ್ದೇಶವಾಗಿತ್ತು.

ಅವರು ಹೇಳಿದ ಕ್ರಮದಲ್ಲಿ ಮೂರು ಹೆಜ್ಜೆಗಳಿವೆ. ಮೊದಲನೆಯದು, ತನ್ನ ಅಭಿರುಚಿ, ಸಾಮರ್ಥ್ಯ, ಮಿತಿಗಳನ್ನು ಅರಿಯುವುದು. ಎರಡನೆಯದು, ಬೇರೆಬೇರೆ ಉದ್ಯೋಗಗಳ ಸ್ವರೂಪ, ಬೇಕಾದ ಅರ್ಹತೆ, ಸಂಪಾದನೆ, ಅನುಕೂಲ ಮತ್ತು ಕಷ್ಟಗಳನ್ನು ತಿಳಿಯುವುದು. ಮೂರನೆಯದು, ಈ ಎರಡನ್ನೂ ಹೊಂದಿಸಿ ವಿವೇಚನೆಯಿಂದ ನಿರ್ಧರಿಸುವುದು. ಶತಮಾನ ಕಳೆದಿದ್ದರೂ ಈ ಮೂರು ಹೆಜ್ಜೆಗಳು ಸವೆದಿಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ದೋಷವೆಂದರೆ, ಮೊದಲೆರಡನ್ನು ಬಿಟ್ಟು ನೇರವಾಗಿ ಮೂರನೆಯದಕ್ಕೆ ಜಿಗಿಯುವುದು.

ಮೊದಲನೆಯ ಹೆಜ್ಜೆಗೆ ಸಾಮಾನ್ಯ ಶಿಕ್ಷಣದ ಕೋರ್ಸುಗಳೇ ಉತ್ತಮ ಸಾಧನ. ಇವನ್ನು ಮುಗಿಸಬೇಕಾದ ಪೀಡೆಯೆಂದು ಭಾವಿಸಿ ಸುಲಭವಾದುದನ್ನು ಹುಡುಕುವುದಕ್ಕಿಂತ, ಕುತೂಹಲವಿರುವ ಎರಡು ಮೂರು ಕ್ಷೇತ್ರಗಳ ಪರೀಕ್ಷೆಯಾಗಿ ಬಳಸಿಕೊಳ್ಳುವುದು ಲೇಸು. ಯಾವ ವಿಷಯದ ಕಷ್ಟವನ್ನು ತಾನು ಸಹಿಸಬಲ್ಲೆ ಎಂಬುದು ಮುಖ್ಯವಾದ ಪ್ರಶ್ನೆ. ಎಲ್ಲ ವಿಷಯಗಳ ಆರಂಭವೂ ಆಕರ್ಷಕವೇ. ಮಧ್ಯದ ಬೇಸರದಲ್ಲಿಯೂ ಮನಸ್ಸು ನಿಲ್ಲುವ ವಿಷಯ ಮಾತ್ರ ವೃತ್ತಿಯಾಗಬಲ್ಲುದು.

ಎರಡನೆಯ ಹೆಜ್ಜೆಗೆ ಸರ್ಕಾರವೇ ಸಹಾಯಮಾಡುತ್ತದೆ. ಕಾರ್ಮಿಕ ಅಂಕಿಅಂಶಗಳ ಕಚೇರಿಯು 1949ರಿಂದ ಆಕ್ಯುಪೇಷನಲ್ ಔಟ್‌ಲುಕ್ ಹ್ಯಾಂಡ್‌ಬುಕ್ ಎಂಬ ಕೈಪಿಡಿಯನ್ನು ಹೊರತರುತ್ತಿದೆ. ನೂರಾರು ಉದ್ಯೋಗಗಳ ದೈನಂದಿನ ಕೆಲಸ, ಬೇಕಾದ ಶಿಕ್ಷಣ, ಮಧ್ಯಮ ಸಂಬಳ, ಮುಂದಿನ ಹತ್ತು ವರ್ಷಗಳ ಬೇಡಿಕೆಯ ಅಂದಾಜು ಇದರಲ್ಲಿವೆ. ಕಂಪ್ಯೂಟರಿನಲ್ಲಿ ಉಚಿತವಾಗಿ ಓದಬಹುದು. ಮಧ್ಯಮ ಸಂಬಳವೆಂದರೆ ಅರ್ಧ ಮಂದಿ ಅದಕ್ಕಿಂತ ಕಡಿಮೆ, ಅರ್ಧ ಮಂದಿ ಹೆಚ್ಚು ಪಡೆಯುವ ಮೊತ್ತ. ಹೊಸಬರು ಮೊದಲ ವರ್ಷ ಅಷ್ಟನ್ನು ನಿರೀಕ್ಷಿಸಬಾರದೆಂಬುದನ್ನು ಮರೆಯಬಾರದು. ನೆಂಟರ ಮನೆಯ ಔತಣದಲ್ಲಿ ಕೇಳಿದ ಸಂಬಳದ ವದಂತಿಗಿಂತ ಈ ಕೈಪಿಡಿಯ ಒಂದು ಪುಟ ಹೆಚ್ಚು ವಿಶ್ವಾಸಾರ್ಹ.

ಮೇಜರ್ ಬೇರೆ, ವೃತ್ತಿ ಬೇರೆ

ಓದಿದ ವಿಷಯವೇ ವೃತ್ತಿಯಾಗಬೇಕೆಂಬುದು ನಮ್ಮಲ್ಲಿರುವ ಇನ್ನೊಂದು ಕಲ್ಪನೆ. ಈ ದೇಶದಲ್ಲಿ ವೃತ್ತಿಗಳ ಬಾಗಿಲುಗಳು ಮೂರು ಬಗೆಯವು. ಯಾವುದು ಯಾವ ಬಗೆಗೆ ಸೇರಿದ್ದೆಂಬುದನ್ನು ಮೊದಲ ವರ್ಷದಲ್ಲಿಯೇ ತಿಳಿದಿರಬೇಕು.

ಮೊದಲನೆಯ ಬಗೆಯವು ಆರಂಭದಿಂದಲೇ ಅನುಕ್ರಮವನ್ನು ಬೇಡುವಂಥವು. ಎಂಜಿನಿಯರಿಂಗ್, ನರ್ಸಿಂಗ್ ಮೊದಲಾದುವು ಈ ಗುಂಪಿನವು. ಎಂಜಿನಿಯರಿಂಗ್‌ನಲ್ಲಿ ಕಲನಶಾಸ್ತ್ರ ಮುಗಿಯದೆ ಮುಂದಿನ ಗಣಿತವಿಲ್ಲ, ಭೌತಶಾಸ್ತ್ರವಿಲ್ಲದೆ ಸ್ಥಿತಿವಿಜ್ಞಾನವಿಲ್ಲ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಒಂದು ಕೋರ್ಸು ತಪ್ಪಿದರೆ ಪದವಿಯೇ ಒಂದು ವರ್ಷ ಮುಂದಕ್ಕೆ ಹೋಗಬಹುದು. ಇಲ್ಲಿಂದ ಹೊರಗೆ ಹೋಗುವುದು ಸುಲಭ, ಹೊರಗಿನಿಂದ ಒಳಗೆ ಬರುವುದು ಕಷ್ಟ. ಆದುದರಿಂದ ಎಂಜಿನಿಯರಿಂಗ್ ಬಗ್ಗೆ ಅರೆಮನಸ್ಸಿದ್ದರೂ ಮೊದಲ ಸೆಮಿಸ್ಟರಿನಲ್ಲಿ ಅದಕ್ಕೆ ಬೇಕಾದ ಗಣಿತವನ್ನು ತೆಗೆದುಕೊಂಡಿರುವುದು ಜಾಣತನ. ಲೆಕ್ಕಪರಿಶೋಧಕರಾಗುವವರಿಗೂ ಇಂಥದೇ ಒಂದು ಲೆಕ್ಕವುಂಟು: ಸಿ.ಪಿ.ಎ. ಪರವಾನಗಿಗೆ ಬಹುಕಾಲದಿಂದ 150 ಕ್ರೆಡಿಟ್‌ಗಳು ಬೇಕಾಗಿದ್ದುವು. ಈಚೆಗೆ ಕೆಲವು ರಾಜ್ಯಗಳು ಪರ್ಯಾಯ ಮಾರ್ಗಗಳನ್ನೂ ತೆರೆದಿವೆ. ತಮ್ಮ ರಾಜ್ಯದ ನಿಯಮವನ್ನು ಎರಡನೆಯ ವರ್ಷದಲ್ಲಿಯೇ ವಿಚಾರಿಸಬೇಕು.

ಎರಡನೆಯ ಬಗೆಯವು ಪದವಿಯ ಅನಂತರ ತೆರೆಯುವ ಬಾಗಿಲುಗಳು. ವೈದ್ಯಕೀಯ ಮತ್ತು ಕಾನೂನು ಇದಕ್ಕೆ ನಿದರ್ಶನ. ನಮ್ಮ ಊರಿನಲ್ಲಿ ಪಿ.ಯು.ಸಿ.ಯಿಂದ ನೇರವಾಗಿ ಎಂ.ಬಿ.ಬಿ.ಎಸ್. ಸೇರುವುದನ್ನು ಕಂಡ ನಮಗೆ, ಇಲ್ಲಿ ಪ್ರಿ-ಮೆಡ್ ಎಂಬುದು ಮೇಜರೇ ಅಲ್ಲವೆಂಬುದು ವಿಚಿತ್ರವಾಗಿ ಕಾಣುತ್ತದೆ. ಅದು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳ ನಿಗದಿತ ಕೋರ್ಸುಗಳ ಒಂದು ಗುಚ್ಛ ಮಾತ್ರ. ಅವನ್ನು ಮುಗಿಸಿದವರು ಇತಿಹಾಸದಲ್ಲಿಯೋ ಸಂಗೀತದಲ್ಲಿಯೋ ಮೇಜರ್ ಮಾಡಿ ವೈದ್ಯಕೀಯ ಶಾಲೆಗೆ ಅರ್ಜಿ ಹಾಕಬಹುದು. ಪದವಿ ಮುಗಿದ ವರ್ಷವೇ ಸೇರಬೇಕೆಂದರೆ ಮೂರನೆಯ ವರ್ಷ ಮುಗಿದ ಜೂನ್ ವೇಳೆಗೆ ಅರ್ಜಿ ಹೋಗಬೇಕು. ಅದಕ್ಕೆ ಮುನ್ನ ಎಂ-ಕ್ಯಾಟ್ ಪರೀಕ್ಷೆ ಬರೆದಿರಬೇಕು. ಅದಕ್ಕೂ ಮುನ್ನ ಸಾವಯವ ರಸಾಯನಶಾಸ್ತ್ರ ಮುಗಿದಿರಬೇಕು. ಹೀಗೆ ಹಿಂದಿನಿಂದ ಎಣಿಸುತ್ತ ಬಂದರೆ ಸಿದ್ಧತೆಯು ಮೊದಲ ಸೆಮಿಸ್ಟರಿಗೇ ಬಂದು ನಿಲ್ಲುತ್ತದೆ. ಅವಸರವಿಲ್ಲದವರು ಪದವಿಯ ಅನಂತರ ಒಂದೆರಡು ವರ್ಷ ಬಿಟ್ಟು ಸೇರಬಹುದು. ಇಂದು ಅಂಥವರೇ ಹೆಚ್ಚು.

ಇಲ್ಲಿ ಒಂದು ಕಠಿಣ ಸತ್ಯವನ್ನೂ ಹೇಳಬೇಕು. ಪ್ರತಿವರ್ಷ ವೈದ್ಯಕೀಯ ಶಾಲೆಗಳಿಗೆ ಅರ್ಜಿ ಹಾಕುವವರು ಸುಮಾರು 50,000 ಮಂದಿ. ಅವರಲ್ಲಿ ಸ್ಥಾನ ದೊರೆಯುವುದು ಅರ್ಧಕ್ಕಿಂತ ಕಡಿಮೆ ಜನರಿಗೆ. ಮೊದಲ ವರ್ಷ ವೈದ್ಯರಾಗಬೇಕೆಂದು ಹೊರಟು ಅರ್ಜಿಯ ಘಟ್ಟವನ್ನೇ ತಲುಪದವರು ಈ ಲೆಕ್ಕದಲ್ಲಿ ಸೇರಿಲ್ಲ. ಹಾಗೆ ಹಿಂದೆಗೆದ ಮಗುವನ್ನು ಸೋತವನೆಂದು ಕಾಣುವ ಮನೆಗಳಲ್ಲಿ ಮಕ್ಕಳು ಎರಡು ಮೂರು ಸೆಮಿಸ್ಟರ್ ಸತ್ಯವನ್ನು ಮುಚ್ಚಿಡುತ್ತಾರೆ. ಹೊಸ ದಾರಿಯನ್ನು ಹುಡುಕಬೇಕಾದ ಅಮೂಲ್ಯ ಕಾಲವು ಮುಚ್ಚುಮರೆಯಲ್ಲಿಯೇ ಕಳೆದುಹೋಗುತ್ತದೆ. ಎರಡನೆಯ ಆಯ್ಕೆಯನ್ನು ಕುರಿತು ಮೊದಲ ವರ್ಷದಿಂದಲೇ ಮುಕ್ತವಾಗಿ ಮಾತನಾಡುವುದು ಮೊದಲನೆಯ ಗುರಿಗೆ ಅಪಶಕುನವಲ್ಲ.

ಮೂರನೆಯ ಬಗೆಯವು ಯಾವ ಮೇಜರಿಗೂ ಕಟ್ಟುಬೀಳದ ವೃತ್ತಿಗಳು: ವ್ಯವಹಾರ ನಿರ್ವಹಣೆ, ಪತ್ರಿಕೋದ್ಯಮ, ಸರ್ಕಾರಿ ಸೇವೆ, ಪ್ರಕಾಶನ, ಮಾರಾಟ, ಸಮಾಜಸೇವಾ ಸಂಸ್ಥೆಗಳು ಇತ್ಯಾದಿ. ಇಲ್ಲಿ ಮೇಜರಿನ ಹೆಸರಿಗಿಂತ ಬರೆಯುವ, ಮಾತನಾಡುವ, ಅಂಕಿಅಂಶಗಳನ್ನು ಅರ್ಥಮಾಡಿಕೊಳ್ಳುವ ಶಕ್ತಿಗೆ ಮತ್ತು ಕೈಯಾರೆ ಮಾಡಿದ ಕೆಲಸಕ್ಕೆ ಬೆಲೆ. ಸಾಹಿತ್ಯವನ್ನು ಓದುವ ಮಗಳು ಸಂಖ್ಯಾಶಾಸ್ತ್ರದ ಒಂದು ಕೋರ್ಸನ್ನೂ, ಕಂಪ್ಯೂಟರ್ ವಿಜ್ಞಾನ ಓದುವ ಮಗನು ಬರವಣಿಗೆಯ ಒಂದು ಕೋರ್ಸನ್ನೂ ತೆಗೆದುಕೊಂಡರೆ ಇಬ್ಬರಿಗೂ ಲಾಭವೇ.

ನಮ್ಮ ನಾಡಿನ ಹಿರಿಯರಲ್ಲಿಯೂ ಎಲ್ಲರೂ ನೇರ ದಾರಿಯಲ್ಲಿ ನಡೆದವರಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು, ಓದಿನ ಖರ್ಚಿಗಾಗಿ ಮನೆಪಾಠ ಹೇಳುತ್ತಿದ್ದರು. ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ದು ಅನಂತರ. ಮೈಸೂರಿನ ಎ. ಕೆ. ರಾಮಾನುಜನ್ ಅವರು ಮಹಾರಾಜ ಕಾಲೇಜಿನಲ್ಲಿ ವಿಜ್ಞಾನದಿಂದ ಆರಂಭಿಸಿ ಇಂಗ್ಲಿಷ್ ಸಾಹಿತ್ಯಕ್ಕೆ ತಿರುಗಿದರು. ಆ ಬದಲಾವಣೆಗೆ ಮುಂದಾದವರು ಗಣಿತದ ಪ್ರಾಧ್ಯಾಪಕರಾಗಿದ್ದ ಅವರ ತಂದೆಯೇ. ಮಗನ ಒಲವು ಯಾವ ಕಡೆಗಿದೆಯೆಂಬುದನ್ನು ಆ ಗಣಿತಜ್ಞರು ಕಂಡಿದ್ದರು. ರಾಮಾನುಜನ್ ಮುಂದೆ ಷಿಕಾಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿ ಕನ್ನಡದ ಹಿರಿಮೆಯನ್ನು ಲೋಕಕ್ಕೆ ಪರಿಚಯಿಸಿದ್ದನ್ನು ಈ ಸಭೆಗೆ ಹೇಳಬೇಕಾಗಿಲ್ಲ.

ಕೆಲಸದಿಂದ ಕಲಿಯುವುದು

1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾನಿಲಯದ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರು ಒಂದು ಪ್ರಯೋಗ ಮಾಡಿದರು. 27 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ವಾರ ತರಗತಿಯಲ್ಲಿ, ಮರುವಾರ ಕಾರ್ಖಾನೆಯಲ್ಲಿ ಎಂಬಂತೆ ಸರದಿಯಲ್ಲಿ ಕಲಿಯತೊಡಗಿದರು. ಕೋ-ಆಪ್ ಶಿಕ್ಷಣದ ಮೂಲ ಇದು. 1909ರಲ್ಲಿ ಬಾಸ್ಟನ್ನಿನ ನಾರ್ತ್ ಈಸ್ಟರ್ನ್, 1919ರಲ್ಲಿ ಫಿಲಡೆಲ್ಫಿಯದ ಡ್ರೆಕ್ಸೆಲ್, 1957ರಲ್ಲಿ ಕೆನಡಾದ ವಾಟರ್‌ಲೂ ಸಂಸ್ಥೆಗಳು ಈ ಮಾರ್ಗವನ್ನು ಹಿಡಿದುವು. ಕೋ-ಆಪ್ ಇಲ್ಲದ ಕಾಲೇಜುಗಳಲ್ಲಿ ಬೇಸಿಗೆಯ ಇಂಟರ್ನ್‌ಷಿಪ್ ಅದೇ ಉದ್ದೇಶವನ್ನು ಈಡೇರಿಸುತ್ತದೆ.

ಇದರಿಂದ ಆಗುವ ಲಾಭ ಎರಡು ಬಗೆಯದು. ಕೆಲಸ ಕೊಡುವವರು ವಿದ್ಯಾರ್ಥಿಯನ್ನು ಹತ್ತಿರದಿಂದ ನೋಡುತ್ತಾರೆ. ಎಷ್ಟೋ ಸಂಸ್ಥೆಗಳು ತಮ್ಮಲ್ಲಿ ಬೇಸಿಗೆ ಕಳೆದವರಿಗೇ ಮೊದಲು ಉದ್ಯೋಗ ನೀಡುತ್ತವೆ. ವಿದ್ಯಾರ್ಥಿಯೂ ಆ ಉದ್ಯೋಗವನ್ನು ಹತ್ತಿರದಿಂದ ನೋಡುತ್ತಾನೆ. ಹತ್ತು ವಾರದಲ್ಲಿ ಇದು ತನಗೆ ಸಲ್ಲದೆಂದು ತಿಳಿದರೆ ಅದೂ ಲಾಭವೇ. ಹತ್ತು ವರ್ಷದ ಅನಂತರ ತಿಳಿಯುವುದಕ್ಕಿಂತ ಎಷ್ಟೋ ಮೇಲು.

ಆದರೆ ಕಾಲ ಮುಖ್ಯ. ದೊಡ್ಡ ಕಂಪನಿಗಳು ಬರುವ ಬೇಸಿಗೆಯ ಸ್ಥಾನಗಳಿಗೆ ಹಿಂದಿನ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಆಯ್ಕೆ ಆರಂಭಿಸುತ್ತವೆ. ದೊಡ್ಡ ಬ್ಯಾಂಕುಗಳು ಒಂದು ವರ್ಷಕ್ಕೂ ಮೊದಲೇ ಆರಂಭಿಸುವುದುಂಟು. ಚಿಕ್ಕ ಸಂಸ್ಥೆಗಳು ವಸಂತಕಾಲದಲ್ಲಿ ಆಯ್ಕೆ ಮಾಡಿಕೊಳ್ಳುತ್ತವೆ. ಮೇ ತಿಂಗಳಲ್ಲಿ ಪರೀಕ್ಷೆ ಮುಗಿಸಿ ಕೆಲಸ ಹುಡುಕಲು ಹೊರಡುವುದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆ. ಸಂಶೋಧನೆಯಲ್ಲಿ ಆಸಕ್ತಿಯಿರುವವರಿಗೆ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನ ಬೇಸಿಗೆ ಕಾರ್ಯಕ್ರಮಗಳಿವೆ. ಅವುಗಳ ಅರ್ಜಿಯ ಗಡುವು ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ಬರುತ್ತದೆ. ಅವು ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಉಳ್ಳವರಿಗೆ ಮೀಸಲು.

ಮೊದಲ ಬೇಸಿಗೆಯಲ್ಲಿ ಘನವಾದ ಇಂಟರ್ನ್‌ಷಿಪ್ ದೊರೆಯದಿದ್ದರೆ ನಿರಾಶೆ ಬೇಡ. ಗ್ರಂಥಾಲಯದಲ್ಲಿ, ಪ್ರಯೋಗಾಲಯದಲ್ಲಿ, ಅಂಗಡಿಯಲ್ಲಿ ದುಡಿದರೂ ಸಮಯಪಾಲನೆ, ಹೊಣೆಗಾರಿಕೆಗಳಿಗೆ ಸಾಕ್ಷಿಯಾಗುತ್ತದೆ. ಹೋಟೆಲಿನಲ್ಲಿ ದುಡಿಯುವುದು ನಮ್ಮ ಮನೆತನಕ್ಕೆ ಕುಂದೆಂಬ ಭಾವನೆಯನ್ನು ದಯವಿಟ್ಟು ತಂದೆತಾಯಿಗಳು ತೊರೆಯಬೇಕು.

ರೆಸ್ಯೂಮೆಯ ಬಗ್ಗೆ ಒಂದು ಮಾತು. ನಮ್ಮ ದೇಶದ ಬಯೋಡೇಟಾದಲ್ಲಿ ತಂದೆಯ ಹೆಸರು, ಜನ್ಮದಿನಾಂಕ, ವಿವಾಹದ ವಿವರ, ಭಾವಚಿತ್ರ ಎಲ್ಲವೂ ಇರುತ್ತಿದ್ದುವು. ಇಲ್ಲಿ ಅವು ಯಾವುವೂ ಇರಬಾರದು. ವಿದ್ಯಾರ್ಥಿಗೆ ಒಂದೇ ಪುಟ ಸಾಕು. ಏನಾಗಿದ್ದೆ ಎಂಬುದಕ್ಕಿಂತ ಏನು ಮಾಡಿದೆ, ಅದರಿಂದ ಏನಾಯಿತು ಎಂಬುದನ್ನು ಬರೆಯಬೇಕು. ಕಾಲೇಜಿನ ವೃತ್ತಿ ಮಾರ್ಗದರ್ಶನ ಕಚೇರಿಯಲ್ಲಿ ಇದನ್ನು ತಿದ್ದಿಕೊಡುವವರೂ, ಸಂದರ್ಶನದ ಅಭ್ಯಾಸ ಮಾಡಿಸುವವರೂ ಇದ್ದಾರೆ. ಇದಕ್ಕೆಲ್ಲ ತಾವು ಶುಲ್ಕದಲ್ಲಿಯೇ ಹಣ ತೆತ್ತಿದ್ದೀರಿ. ಆದರೂ ಅನೇಕ ವಿದ್ಯಾರ್ಥಿಗಳು ಆ ಕಚೇರಿಯ ಹೊಸ್ತಿಲನ್ನು ಕೊನೆಯ ಸೆಮಿಸ್ಟರಿನವರೆಗೆ ತುಳಿಯುವುದಿಲ್ಲ.

ಪರಿಚಯದ ಬಲ

1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಪ್ರಕಟಿಸಿದ ಲೇಖನವೊಂದು ಬಹಳ ಪ್ರಸಿದ್ಧವಾಗಿದೆ. ಮ್ಯಾಸಚೂಸೆಟ್ಸಿನ ನ್ಯೂಟನ್ ಎಂಬಲ್ಲಿ ಈಚೆಗೆ ಉದ್ಯೋಗ ಬದಲಿಸಿದವರನ್ನು ಅವರು ವಿಚಾರಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ವ್ಯಕ್ತಿಗತ ಪರಿಚಯದಿಂದ ಕೆಲಸ ಪಡೆದಿದ್ದರು. ಹಾಗೆ ಪಡೆದವರಲ್ಲಿ, ಸಹಾಯಮಾಡಿದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇಕಡಾ 17ರಷ್ಟು ಮಾತ್ರ. ಉಳಿದವರ ಭೇಟಿ ಎಂದಾದರೊಮ್ಮೆ ಅಥವಾ ತೀರ ಅಪರೂಪ. ಆಪ್ತರಿಗೆ ತಿಳಿದ ಸುದ್ದಿ ನಮಗೂ ತಿಳಿದೇ ಇರುತ್ತದೆ. ದೂರದ ಪರಿಚಿತರು ಬೇರೆ ವಲಯದಲ್ಲಿ ಓಡಾಡುವುದರಿಂದ ಹೊಸ ಸುದ್ದಿ ತರುತ್ತಾರೆ. ಇದೇ ಆ ಲೇಖನದ ತಿರುಳು.

ಕನ್ನಡ ಕೂಟವೆಂದರೆ ಇಂಥ ದೂರದ ಪರಿಚಯಗಳ ಭಂಡಾರವೇ ಅಲ್ಲವೇ? ಯುಗಾದಿಗೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ಭೇಟಿಯಾಗುವ ನಾವು ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಮಾಡಬಹುದಾದ ಸಹಾಯ ದೊಡ್ಡದು. ಶಿಫಾರಸ್ಸು ಮಾಡಿ ಕೆಲಸ ಕೊಡಿಸಿರೆಂದು ನಾನು ಹೇಳುತ್ತಿಲ್ಲ. "ಅಂಕಲ್, ನಿಮ್ಮ ಕೆಲಸದಲ್ಲಿ ಒಂದು ದಿನ ಹೇಗೆ ಕಳೆಯುತ್ತದೆ? ಈ ಕ್ಷೇತ್ರಕ್ಕೆ ಬರುವವರು ಕಾಲೇಜಿನಲ್ಲಿ ಏನು ಓದಿರಬೇಕು?" ಎಂದು ಕೇಳಲು ಬರುವ ಹುಡುಗನಿಗೆ ಇಪ್ಪತ್ತು ನಿಮಿಷ ಕೊಟ್ಟರೆ ಸಾಕು. ಕೇಳುವವರಿಗೆ ಸಂಕೋಚ, ಹೇಳುವವರಿಗೆ ಬಿಡುವಿಲ್ಲ ಎಂಬುದೇ ಇರುವ ಅಡ್ಡಿ.

ಈ ಸಂಕೋಚವು ತರಗತಿಯಲ್ಲಿಯೂ ಅಡ್ಡಬರುತ್ತದೆ. ಗುರುಗಳ ಮುಂದೆ ಮೌನವಾಗಿರುವುದೇ ವಿನಯವೆಂದು ನಾವು ಮಕ್ಕಳಿಗೆ ಕಲಿಸಿದ್ದೇವೆ. ಮುನ್ನೂರು ಮಂದಿಯ ಉಪನ್ಯಾಸಮಂದಿರದಲ್ಲಿ ಮೌನಿಯಾದವನ ಹೆಸರು ಅಧ್ಯಾಪಕರಿಗೆ ಎಂದೂ ತಿಳಿಯುವುದಿಲ್ಲ. ವಾರದಲ್ಲಿ ಒಂದೆರಡು ಗಂಟೆ ಅವರು ವಿದ್ಯಾರ್ಥಿಗಳಿಗಾಗಿಯೇ ತಮ್ಮ ಕೊಠಡಿಯಲ್ಲಿ ಕಾದಿರುತ್ತಾರೆ. ಅಲ್ಲಿಗೆ ಹೋಗಿ ಪ್ರಶ್ನೆ ಕೇಳುವುದು ಇಲ್ಲಿಯ ಗುರುಭಕ್ತಿ. ಮುಂದೆ ಶಿಫಾರಸ್ಸು ಪತ್ರ ಬೇಕಾದಾಗ ಅದರ ಬೆಲೆ ತಿಳಿಯುತ್ತದೆ.

ವೀಸಾ ಮತ್ತು ಹಣದ ಲೆಕ್ಕ

ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದ ಮನೆಗಳಲ್ಲಿ ವೃತ್ತಿಯ ಯೋಜನೆಗೆ ಇನ್ನೊಂದು ಗಡಿಯಾರವೂ ಸೇರುತ್ತದೆ. ಎಚ್-4 ವೀಸಾದಲ್ಲಿರುವ ವಿದ್ಯಾರ್ಥಿ ಓದಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ಆದುದರಿಂದ ಸಂಬಳದ ಇಂಟರ್ನ್‌ಷಿಪ್ಪೂ ಇಲ್ಲ. 21 ವರ್ಷ ತುಂಬಿದಾಗ, ಅಂದರೆ ಸಾಮಾನ್ಯವಾಗಿ ಮೂರನೆಯ ವರ್ಷದಲ್ಲಿ, ಆ ವೀಸಾ ಮುಗಿಯುತ್ತದೆ. ಎಫ್-1 ವೀಸಾಕ್ಕೆ ಬದಲಾಯಿಸುವ ಕೆಲಸವನ್ನು ಕೊನೆಯ ಗಳಿಗೆಗೆ ಬಿಡಬಾರದು. ಎಫ್-1 ಉಳ್ಳವರು ಪದವಿಯ ಅನಂತರ 12 ತಿಂಗಳು ಪ್ರಾಯೋಗಿಕ ತರಬೇತಿಯ ಹೆಸರಿನಲ್ಲಿ ದುಡಿಯಬಹುದು. ವಿಜ್ಞಾನ, ತಂತ್ರಜ್ಞಾನ, ಗಣಿತದ ಪದವೀಧರರಿಗೆ 2016ರ ನಿಯಮದಂತೆ ಇನ್ನೂ 24 ತಿಂಗಳ ವಿಸ್ತರಣೆಯುಂಟು. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕಾಲ ಉದ್ಯೋಗವಿಲ್ಲದೆ ಇರುವಂತಿಲ್ಲ. ಇಂಥವರು ಪದವಿ ಪಡೆದ ಮೇಲೆ ಹುಡುಕಾಟ ಆರಂಭಿಸಿದರೆ ಕಾಲವೇ ಸಾಲದು. ರಕ್ಷಣಾ ಕ್ಷೇತ್ರದ ಅನೇಕ ಉದ್ಯೋಗಗಳು ಪೌರರಿಗೆ ಮಾತ್ರ ಎಂಬುದನ್ನೂ ಮೇಜರ್ ಆರಿಸುವ ಮುನ್ನ ತಿಳಿದಿರಬೇಕು. ವಲಸೆಯ ನಿಯಮಗಳು ಬದಲಾಗುವಂಥವು. ಗೆಳೆಯರ ಮಾತನ್ನು ನಂಬದೆ ವಿಶ್ವವಿದ್ಯಾನಿಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಹಣದ ವಿಷಯವನ್ನು ಮಕ್ಕಳೊಡನೆ ಮಾತನಾಡಲು ನಾವು ಹಿಂಜರಿಯುತ್ತೇವೆ. ಇದು ಪ್ರೀತಿಯ ಹಿಂಜರಿಕೆಯಾದರೂ ಹಿತಕರವಲ್ಲ. ಪದವಿಗೆ ಎಷ್ಟು ಕೊಡಬಲ್ಲೆವು, ಉನ್ನತ ಶಿಕ್ಷಣಕ್ಕೆ ಎಷ್ಟು ಉಳಿಯುತ್ತದೆ, ಸಾಲ ಯಾರ ಹೆಸರಿನಲ್ಲಿ ಎಂಬುದು ಮೊದಲೇ ಸ್ಪಷ್ಟವಿರಬೇಕು. 2025ರ ಜುಲೈನಲ್ಲಿ ಅಂಗೀಕಾರವಾದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ವೈದ್ಯಕೀಯ ಮುಂತಾದ ವೃತ್ತಿಶಿಕ್ಷಣಕ್ಕೆ ಹೊಸದಾಗಿ ಪಡೆಯುವ ಫೆಡರಲ್ ಸಾಲಕ್ಕೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮಿತಿಯಿದೆ. ಸ್ನಾತಕ ಪದವಿಯ ಕಾಲದಲ್ಲಿಯೇ ಕೈ ಬರಿದಾದರೆ ಮುಂದಿನ ಓದಿಗೆ ತೊಡಕಾಗುವುದು ಖಚಿತ.

ತಂದೆತಾಯಿಗಳ ಪಾತ್ರ

1974ರ ಶಿಕ್ಷಣ ದಾಖಲೆಗಳ ಕಾನೂನಿನಂತೆ, ಮಗು ಕಾಲೇಜು ಸೇರಿತೆಂದರೆ ಅಂಕಪಟ್ಟಿಯ ಮೇಲಿನ ಹಕ್ಕು ವಿದ್ಯಾರ್ಥಿಯದಾಗುತ್ತದೆ. ಶುಲ್ಕ ಕೊಡುವವರು ತಾವಾದರೂ, ವಿದ್ಯಾರ್ಥಿಯ ಸಮ್ಮತಿಯಿಲ್ಲದೆ ಅಂಕಗಳನ್ನು ತಿಳಿಸುವ ಕಟ್ಟುಪಾಡು ವಿಶ್ವವಿದ್ಯಾನಿಲಯಕ್ಕಿಲ್ಲ. ಅನೇಕ ತಂದೆತಾಯಿಗಳಿಗೆ ಇದು ಅವಮಾನದಂತೆ ತೋರುತ್ತದೆ. ಆದರೆ ಕಾನೂನಿನ ಆಶಯ ಸರಳ: ಇನ್ನು ಮುಂದೆ ತಮಗೆ ತಿಳಿಯಬೇಕಾದುದು ಮಕ್ಕಳ ವಿಶ್ವಾಸದ ಮೂಲಕವೇ ತಿಳಿಯಬೇಕು.

ಆ ವಿಶ್ವಾಸವನ್ನು ಉಳಿಸುವುದು ನಾವು ಕೇಳುವ ಪ್ರಶ್ನೆಗಳು. "ಎಷ್ಟು ಅಂಕ ಬಂತು?" ಎಂಬ ಒಂದೇ ಪ್ರಶ್ನೆಗೆ ಒಂದೇ ಪದದ ಉತ್ತರ ಬರುತ್ತದೆ. "ಈ ಸೆಮಿಸ್ಟರಿನಲ್ಲಿ ಯಾವ ತರಗತಿಗೆ ಹೋಗಲು ಮನಸ್ಸು ಹಿಂಜರಿಯುವುದಿಲ್ಲ? ಯಾವ ಅಧ್ಯಾಪಕರೊಡನೆ ಮಾತನಾಡಿದೆ? ಬೇಸಿಗೆಗೆ ಏನು ಯೋಚಿಸಿದ್ದೀಯೆ?" ಎಂದು ಕೇಳಿದರೆ ಮಾತು ಬೆಳೆಯುತ್ತದೆ. ಮಗನಿಗಾಗಿ ತಂದೆಯೇ ಕಂಪನಿಗೆ ದೂರವಾಣಿ ಮಾಡುವುದು, ತಾಯಿಯೇ ಅರ್ಜಿ ತುಂಬುವುದು ಮಾತ್ರ ಬೇಡ. ಅದು ಕೆಲಸ ಕೊಡುವವರ ಕಣ್ಣಿನಲ್ಲಿ ಮಗುವನ್ನು ಚಿಕ್ಕದು ಮಾಡುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಒಟ್ಟಾರೆ ಹೇಳುವುದಾದರೆ, ಮೊದಲ ವರ್ಷ ಪರೀಕ್ಷಿಸಿ ನೋಡಿ; ವೃತ್ತಿ ಕಚೇರಿಯ ಬಾಗಿಲು ತಟ್ಟಿ. ಎರಡನೆಯ ವರ್ಷ ಮೇಜರ್ ನಿರ್ಧರಿಸಿ. ಬೇಸಿಗೆಯಲ್ಲಿ ಏನಾದರೂ ಒಂದು ಕೆಲಸ ಮಾಡಿ. ಮೂರನೆಯ ವರ್ಷದ ಸೆಪ್ಟೆಂಬರಿನಲ್ಲಿಯೇ ಮುಂದಿನ ಬೇಸಿಗೆಗೆ ಅರ್ಜಿ ಹಾಕಿ. ನಾಲ್ಕನೆಯ ವರ್ಷಕ್ಕೆ ಹುಡುಕಾಟವನ್ನು ಉಳಿಸಿಕೊಳ್ಳಬೇಡಿ. ಆ ವರ್ಷ ಆಯ್ಕೆಯ ವರ್ಷವಾಗಲಿ. ನಿಮ್ಮ ಮನಸ್ಸು ಬದಲಾದರೆ ಮನೆಯವರಿಗೆ ಮೊದಲು ತಿಳಿಸಿ. ನೀವು ಊಹಿಸುವುದಕ್ಕಿಂತ ಹೆಚ್ಚು ಅರ್ಥಮಾಡಿಕೊಳ್ಳಬಲ್ಲವರು ಅವರು; ಒಮ್ಮೆ ತಮ್ಮ ಊರನ್ನೇ ಬಿಟ್ಟು ಗೊತ್ತಿಲ್ಲದ ದಾರಿ ಹಿಡಿದು ಬಂದವರಲ್ಲವೇ?

ಕೊನೆಯದಾಗಿ ಈ ಕೂಟಕ್ಕೆ ಒಂದು ವಿನಂತಿ. ಸದಸ್ಯರ ವಿಳಾಸಪಟ್ಟಿಯಲ್ಲಿ ಅವರ ಒಪ್ಪಿಗೆ ಪಡೆದು ವೃತ್ತಿಯನ್ನೂ ನಮೂದಿಸಿ, ವಿದ್ಯಾರ್ಥಿಗಳೊಡನೆ ಮಾತನಾಡಲು ಸಿದ್ಧರಿರುವವರನ್ನು ಗುರುತಿಸಿ. ವೈದ್ಯರು, ಎಂಜಿನಿಯರರು ಮಾತ್ರವಲ್ಲ. ಶಾಲೆಯ ಉಪಾಧ್ಯಾಯಿನಿ, ಅಂಗಡಿ ನಡೆಸುವವರು, ನಗರಸಭೆಯಲ್ಲಿ ದುಡಿಯುವವರು, ಚಿತ್ರಕಲಾವಿದರು ಎಲ್ಲರ ಹೆಸರೂ ಅದರಲ್ಲಿರಲಿ. ವರ್ಷಕ್ಕೊಮ್ಮೆ, ದೀಪಾವಳಿಯ ಊಟದ ಹೊತ್ತಿಗೆ ಮುಂಚೆ ಒಂದು ಗಂಟೆ, ಅವರನ್ನು ಮಕ್ಕಳ ನಡುವೆ ಕೂರಿಸಿ. ಖರ್ಚಿಲ್ಲದ ಈ ಕೆಲಸದಿಂದ ನಮ್ಮ ಮಕ್ಕಳಿಗೆ ಕಾಣುವ ದಾರಿಗಳ ಸಂಖ್ಯೆ ಹೆಚ್ಚುತ್ತದೆ.